ಅಂಗೈಯಲ್ಲಿ ಅರಮನೆ ತೋರಿಸುವ ತಂತ್ರಜ್ಞಾನಗಳನ್ನು ಮೊದಲೇ ಗುರುತಿಸಬಹುದೇ?

ಗಾಳಿಯಿಂದ ತಾನೇ ನೀರು ತುಂಬಿಕೊಳ್ಳುವ ಬಾಟಲಿ, ಕರೆಂಟ್ ಕೊಡುವ ರಸ್ತೆ, ಒಂದು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದಕ್ಕೆ ಹೆದರಬೇಕು ಎಂದು ಎಂಜಿನಿಯರ್ ಅಲ್ಲದವರಿಗೆ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಬಹುಪಾಲು ಸಂದರ್ಭಗಳಲ್ಲಿ ಹೈಸ್ಕೂಲಿನ ವಿಜ್ಞಾನ ಸಾಕು. ಜಾಹೀರಾತಿನಲ್ಲಿ ಯಾವ ಅಂಕಿ ಕಾಣೆಯಾಗಿದೆ ಎಂದು ಹುಡುಕಿ, ಅದನ್ನು ನೀವೇ ಲೆಕ್ಕ ಹಾಕಿ.

ಬಾಟಲಿಯನ್ನೇ ತೆಗೆದುಕೊಳ್ಳಿ. 30 ಡಿಗ್ರಿ ಸೆಲ್ಸಿಯಸ್, ಶೇ. 50 ತೇವಾಂಶ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 15 ಗ್ರಾಂ ನೀರಾವಿ ಇರುತ್ತದೆ. ಅದನ್ನು 10 ಡಿಗ್ರಿಗೆ ತಂಪು ಮಾಡಿದರೂ 9 ಗ್ರಾಂಗಿಂತ ಹೆಚ್ಚು ಗಾಳಿಯಲ್ಲೇ ಉಳಿಯುತ್ತದೆ. ಕೈಗೆ ಸಿಗುವುದು 6 ಗ್ರಾಂಗೂ ಕಡಿಮೆ. ಅಂದರೆ ಒಂದು ಲೀಟರ್ ನೀರಿಗೆ ಸುಮಾರು 170 ಘನ ಮೀಟರ್ ಗಾಳಿಯನ್ನು ಆ ಪುಟ್ಟ ಬಾಟಲಿಯ ಮೂಲಕ ಹಾಯಿಸಬೇಕು. ಜೊತೆಗೆ ಆವಿ ನೀರಾಗುವಾಗ ಲೀಟರಿಗೆ ಸುಮಾರು 0.68 ಯೂನಿಟ್ (680 ವಾಟ್-ಅವರ್) ಶಾಖ ಹೊರಬೀಳುತ್ತದೆ, ಅದನ್ನೂ ಸಾಗಹಾಕಬೇಕು. ಬಾಟಲಿಯ ಮೈಮೇಲೆ 250 ಚದರ ಸೆಂಟಿಮೀಟರ್ ಸೋಲಾರ್ ಫಲಕ ಇದೆ ಎನ್ನೋಣ. ಉರಿಬಿಸಿಲಲ್ಲಿ ಅದು ಕೊಡುವುದು 5 ವಾಟ್, ಐದು ಗಂಟೆಗೆ 25 ವಾಟ್-ಅವರ್. ಇಂಥ ಬಾಟಲಿಗಳಲ್ಲಿ ಬಳಸುವ, ಕರೆಂಟ್ ಹರಿಸಿದರೆ ಒಂದು ಮೈ ತಂಪಾಗುವ ಪೆಲ್ಟಿಯರ್ ಬಿಲ್ಲೆ ಈ ತಾಪಮಾನದ ಅಂತರದಲ್ಲಿ ತಿಂದ ವಿದ್ಯುತ್ತಿನ ಅರ್ಧದಷ್ಟು ಶಾಖವನ್ನು ಹೊರಹಾಕಿದರೆ ಅದೇ ಹೆಚ್ಚು. ಗಾಳಿಯನ್ನು ತಂಪಾಗಿಸುವ ಖರ್ಚನ್ನು ಬಿಟ್ಟುಕೊಟ್ಟರೂ ದಿನಕ್ಕೆ ಬರುವುದು 18 ಮಿಲಿಲೀಟರ್, ಮೂರ್ನಾಲ್ಕು ಟೀ ಚಮಚ.

ಒಣ ಗಾಳಿಯಲ್ಲಿ ಅದೂ ಇಲ್ಲ. 30 ಡಿಗ್ರಿಯಲ್ಲಿ ತೇವಾಂಶ ಶೇ. 20 ಇದ್ದರೆ ಇಬ್ಬನಿ ಕಟ್ಟಲು ಗಾಳಿ ಸುಮಾರು 5 ಡಿಗ್ರಿಗೆ ಇಳಿಯಬೇಕು. 10 ಡಿಗ್ರಿಯಲ್ಲಿ ನಿಂತರೆ ಒಂದು ಹನಿಯೂ ಬೀಳದು. ನೀರಿಲ್ಲದ ಜಾಗದ ಚಿತ್ರ ತೋರಿಸಿಯೇ ಇದನ್ನು ಮಾರುತ್ತಾರೆ, ಕೈಕೊಡುವುದೂ ಅಲ್ಲೇ. ಗಾಳಿಯಿಂದ ನೀರು ತೆಗೆಯುವ ಕಂಪ್ರೆಸರ್ ಯಂತ್ರಗಳು ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ಅವು ಪ್ಲಗ್ ಹಾಕಿ ಓಡಿಸುವ ದೊಡ್ಡ ಪೆಟ್ಟಿಗೆಗಳು.

ರಸ್ತೆಯದು ಇದಕ್ಕಿಂತ ಸರಳ. ಫ್ರಾನ್ಸಿನ ನಾರ್ಮಂಡಿಯಲ್ಲಿ 2016ರ ಡಿಸೆಂಬರಿನಲ್ಲಿ ಒಂದು ಕಿಲೋಮೀಟರ್ ಸೌರ ರಸ್ತೆ ತೆರೆದರು: 2,800 ಚದರ ಮೀಟರ್ ಫಲಕ, 50 ಲಕ್ಷ ಯೂರೋ ಖರ್ಚು. ಬಂದ ವಿದ್ಯುತ್ತು ನಿರೀಕ್ಷಿಸಿದ್ದರ ಸುಮಾರು ಅರ್ಧ. ಫಲಕಗಳು ಸೂರ್ಯನ ಕಡೆ ಓರೆಯಾಗದೆ ಚಪ್ಪಟೆ ಮಲಗಿದ್ದವು, ಮೇಲೆ ಎಲೆ ಬೀಳುತ್ತಿತ್ತು, ಟ್ರಾಕ್ಟರುಗಳು ಹರಿದಾಡುತ್ತಿದ್ದವು. ಅದೇ ಫಲಕವನ್ನು ಪಕ್ಕದ ಛಾವಣಿಗೆ ಏರಿಸಿದ್ದರೆ ಈ ಮೂರೂ ತೊಂದರೆ ಇರುತ್ತಿರಲಿಲ್ಲ. ಇಲ್ಲಿ ಹೋದದ್ದು ಹಣ ಮಾತ್ರ, ಹಾಗಾಗಿ ಇದನ್ನು ನಾನು ಅಪಾಯದ ಪಟ್ಟಿಗೆ ಸೇರಿಸುವುದಿಲ್ಲ.

ಕಾಣೆಯಾದ ಅಂಕಿಯ ಬೆಲೆಯನ್ನು ಮನುಷ್ಯನ ದೇಹ ತೆರಬೇಕಾದಾಗ ನಿಜವಾದ ಅಪಾಯ. ಬೆರಳು ಚುಚ್ಚಿ ಹಿಂಡಿದಾಗ ರಕ್ತದ ಜೊತೆ ಅಂಗಾಂಶದ ದ್ರವವೂ ಬೆರೆಯುತ್ತದೆ, ಕೆಲವು ಕೆಂಪು ಕಣಗಳು ಒಡೆಯುತ್ತವೆ. ರಕ್ತದ ದ್ರವ ಭಾಗವಾದ ಪ್ಲಾಸ್ಮಾದಲ್ಲಿ ಪೊಟ್ಯಾಸಿಯಮ್ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ ಕಣದೊಳಗೆ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಸ್ವಲ್ಪ ಕಣ ಒಡೆದರೂ ಆರೋಗ್ಯವಂತನ ವರದಿ ಗಾಬರಿ ಹುಟ್ಟಿಸುತ್ತದೆ. ಹನಿ ಸಾಲದೆಂದು ನೀರು ಬೆರೆಸಿ ಮಾಮೂಲಿ ಯಂತ್ರಕ್ಕೆ ಹಾಕಿದರೆ ಸಾಂದ್ರತೆ ಆ ಯಂತ್ರ ನಂಬುವಂತೆ ಅಳೆಯುವ ಮಿತಿಗಿಂತ ಕೆಳಗಿಳಿಯುತ್ತದೆ. ಒಂದು ಹನಿಯಲ್ಲಿ ನೂರಾರು ಪರೀಕ್ಷೆ ಮಾಡುವುದಾಗಿ ಹೇಳಿದ್ದ ಅಮೆರಿಕದ ಥೆರಾನೋಸ್ ಕಂಪನಿ ಇವೆರಡನ್ನೂ ದಾಟಲಾರದೆ ಹೋಯಿತು. 2016ರಲ್ಲಿ ತನ್ನ ಎಡಿಸನ್ ಯಂತ್ರದ ಎರಡು ವರ್ಷಗಳ ಫಲಿತಾಂಶಗಳನ್ನು ತಾನೇ ರದ್ದು ಮಾಡಿತು. ಸ್ಥಾಪಕಿ ಎಲಿಜಬೆತ್ ಹೋಮ್ಸ್ ಹೂಡಿಕೆದಾರರಿಗೆ ವಂಚಿಸಿದ ಅಪರಾಧಿ ಎಂದು 2022ರ ಜನವರಿಯಲ್ಲಿ ತೀರ್ಪು ಬಂತು.

ಹಾಗಾದರೆ ಗ್ಲೂಕೋಮೀಟರ್ ಹೇಗೆ ಕೆಲಸ ಮಾಡುತ್ತದೆ ಎಂದು ನೀವು ಕೇಳಬಹುದು. ಅದು ಅಳೆಯುವುದು ಒಂದೇ ವಸ್ತುವನ್ನು, ಅದೂ ರಕ್ತದಲ್ಲಿ ಧಾರಾಳವಾಗಿರುವುದನ್ನು, ಶೇ. 15ರಷ್ಟು ಆಚೀಚೆಯಾದರೂ ಮಾನದಂಡ ಒಪ್ಪುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಅಳೆಯುವ ಟಿಎಸ್‌ಎಚ್ ಎಂಬ ಹಾರ್ಮೋನ್ ಅಣುಗಳ ಲೆಕ್ಕದಲ್ಲಿ ಗ್ಲೂಕೋಸಿಗಿಂತ ಕೋಟಿಗಟ್ಟಲೆ ಪಟ್ಟು ಕಡಿಮೆ ಇರುತ್ತದೆ. ಒಂದರಲ್ಲಿ ಗೆದ್ದದ್ದು ಇನ್ನೊಂದಕ್ಕೆ ಸಾಕ್ಷಿಯಾಗದು.

'ಮೊನ್ನೆ ಕೆಲಸ ಮಾಡಿತಲ್ಲ' ಎಂಬ ಸಮಾಧಾನವೂ ಮೋಸದ್ದೇ. 2023ರ ಜೂನ್ 18ರಂದು ಐವರನ್ನು ಬಲಿ ತೆಗೆದುಕೊಂಡ ಟೈಟನ್ ಸಬ್‌ಮರ್ಸಿಬಲ್ (ಆಳ ಸಮುದ್ರಕ್ಕೆ ಇಳಿಯುವ ಪುಟ್ಟ ನೌಕೆ) ಅದಕ್ಕೂ ಮೊದಲು ಟೈಟಾನಿಕ್ ಅವಶೇಷದವರೆಗೆ ಹಲವು ಬಾರಿ ಹೋಗಿ ಬಂದಿತ್ತು. ಅಲ್ಲಿನ ಆಳ ಸುಮಾರು 3,800 ಮೀಟರ್. ಹತ್ತು ಮೀಟರಿಗೆ ಒಂದರಂತೆ 380 ವಾಯುಭಾರದ ಒತ್ತಡ. ಅದರ ಒಡಲು ಕಾರ್ಬನ್ ಫೈಬರಿನದು. ಕಾರ್ಬನ್ ಫೈಬರ್ ಎಳೆತಕ್ಕೆ ಗಟ್ಟಿ, ಹಿಸುಕಿದರೆ ಅಷ್ಟಲ್ಲ: ಎಳೆಗಳು ಬಾಗುತ್ತವೆ, ಪದರಗಳು ಒಳಗೊಳಗೇ ಬಿಡುತ್ತವೆ, ಮತ್ತೆ ಕೂಡಿಕೊಳ್ಳುವುದಿಲ್ಲ. ಪ್ರತಿ ಯಶಸ್ವಿ ಮುಳುಗೂ ಆಯುಸ್ಸನ್ನು ಕಡಿಮೆ ಮಾಡುತ್ತಲೇ ಇತ್ತು. 2022ರ ಜುಲೈನಲ್ಲಿ ಮೇಲೇರುವಾಗ ದೊಡ್ಡ ಸದ್ದು ಕೇಳಿಸಿತ್ತು, ಅಳತೆಗಳೂ ಬದಲಾಗಿದ್ದವು. ನೌಕೆಗಳ ಸುರಕ್ಷತೆ ಪರಿಶೀಲಿಸುವ ಹೊರಗಿನ ಯಾವ ವರ್ಗೀಕರಣ ಸಂಸ್ಥೆಯೂ ಅದನ್ನು ಪ್ರಮಾಣೀಕರಿಸಿರಲಿಲ್ಲ. ಪ್ರಮಾಣೀಕರಣ ಹೊಸತನಕ್ಕೆ ಅಡ್ಡಿ ಎಂಬುದು ಕಂಪನಿಯ ವಾದ. ಈ ವಾದ ಎಲ್ಲಿ ಕೇಳಿದರೂ ನಾನು ದೂರ ನಿಲ್ಲುತ್ತೇನೆ.

ಆದ್ದರಿಂದ ಮುಂಗಡ ಕಟ್ಟುವ ಮೊದಲು ತಯಾರಕರಿಗೆ ಬರೆದು ಕೇಳಿ: ಹೇಳಿದ ಉತ್ಪತ್ತಿ ಎಷ್ಟು ಉಷ್ಣತೆ, ಎಷ್ಟು ತೇವಾಂಶದಲ್ಲಿ? ಎಷ್ಟು ಯಂತ್ರಗಳನ್ನು ಎಷ್ಟು ಗಂಟೆ ಓಡಿಸಿ ನೋಡಿದ್ದೀರಿ? ಅಳೆದವರು ಯಾರು, ಅವರಿಗೆ ನಿಮ್ಮಲ್ಲಿ ಪಾಲಿದೆಯೇ? ಕೆಟ್ಟರೆ ಹೇಗೆ ಕೆಡುತ್ತದೆ, ಸದ್ದಿಲ್ಲದೆ ತಪ್ಪು ಅಂಕಿ ತೋರಿಸುತ್ತದೆಯೋ, ನಿಂತೇಹೋಗುತ್ತದೆಯೋ? ಉತ್ತರದ ಬದಲು ವಿಡಿಯೋ ಬಂದರೆ ಹಣ ಕಟ್ಟಬೇಡಿ. ಆರೋಗ್ಯದ ಸಾಧನವಾದರೆ, ಅದರ ಫಲಿತಾಂಶ ನಂಬಿ ಮಾತ್ರೆ ಹೆಚ್ಚುಕಡಿಮೆ ಮಾಡುವ ಮೊದಲು ರಕ್ತನಾಳದಿಂದ ತೆಗೆದ ರಕ್ತವನ್ನು ಮಾಮೂಲಿ ಲ್ಯಾಬಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ, ಎರಡೂ ವರದಿಗಳನ್ನು ವೈದ್ಯರಿಗೆ ತೋರಿಸಿ.