ನಿಂಬಿ ಗಿಡದ ಹುಳಕ್ಕ ಔಷಧ ಹೊಡೀಬ್ಯಾಡ್ರಿ

ತಂಗೀ, ಮೊದಲ ಆ ಕೀಟನಾಶಕದ ಬಾಟ್ಲಿ ಮುಚ್ಚಿ ಇಡ್ರಿ. ‘ನಿಂಬಿ ಚಿಗುರೆಲ್ಲಾ ಹುಳ ತಿಂದಾವ, ಕ್ಲೋರ್‌ಪೈರಿಫಾಸ್ ಒಂದ್ಸಲ ಹೊಡದೀನಿ, ಇನ್ನೊಂದ್ಸಲ ಹೊಡೀಲೇನು, ಯಾಕೋ ಹಕ್ಕಿನೂ ಬರೋದು ಬಿಟ್ಟಾವ’ ಅಂತ ಬರದೀರಿ. ಎರಡೂ ಒಂದೇ ಮಾತು. ನಾನೂ ಹಿಂದ ಇದೇ ಔಷಧ ಹೊಡದಿದ್ದೆ, ಆ ವರ್ಷ ಹಿತ್ತಲದಾಗ ಬುಲ್‌ಬುಲ್ ಸಪ್ಪಳನೇ ಇರಲಿಲ್ಲ. ಅದಕ್ಕ ಇಷ್ಟುದ್ದ ಬರೀಲಿಕತ್ತೀನಿ.

ನೀವು ಹಾಕಿದ ಮೊದಲನೇ ಫೋಟೋದಾಗ ಇರೋದು ನಿಂಬಿ ಚಿಟ್ಟಿ ಮರಿ. ಸಣ್ಣದಿದ್ದಾಗ ಕರಿ-ಬಿಳಿ, ಥೇಟ್ ಹಕ್ಕಿ ಹಿಕ್ಕಿ ಹಂಗ ಕಾಣ್ತದ. ಕಡೀ ಸಲ ಪೊರಿ ಬಿಟ್ಟ ಮ್ಯಾಲ ಹಸರಾಗ್ತದ. ಕಡ್ಡಿಯಿಂದ ಮುಟ್ಟಿ ನೋಡ್ರಿ, ತಲಿ ಹಿಂದಿಂದ ಎರಡು ಕೆಂಪು-ಕಿತ್ತಳಿ ಕೊಂಬು ಹೊರಗ ಬರ್ತಾವ, ಘಾಟು ವಾಸನಿ ಹೊಡೀತದ. ಕೊಂಬು ಬಂದ್ರ ಚಿಟ್ಟಿ ಮರಿನೇ, ಅನುಮಾನ ಬ್ಯಾಡ. ಕರಿಬೇವಿನ ಮ್ಯಾಲೂ ಇದರ ಬಳಗ ಬರ್ತದ. ಆಳೆತ್ತರ ಬೆಳದ ಗಿಡ ಇದ್ರ ಒಂದು ಹುಳಾನೂ ತೆಗೀಬ್ಯಾಡ್ರಿ, ಗಿಡ ಮತ್ತ ಚಿಗಿತದ. ಕುಂಡದಾಗಿನ ಮೊಳದುದ್ದ ಸಸಿ ಇದ್ರ ಮಾತ್ರ ತೆಗೀಬೇಕು.

ತೆಗದು ಎಲ್ಲಿ ಬಿಡಬೇಕು ಅಂದ್ರ, ಪತ್ರಿ ಗಿಡಕ್ಕ. ಬಿಲ್ವಪತ್ರಿನೂ ನಿಂಬಿ ಕುಟುಂಬದ್ದೇ, ಈ ಹುಳ ಅದನ್ನೂ ತಿಂತದ. ಹುಳಾ ಹಿಡೀಬ್ಯಾಡ್ರಿ, ಅದು ಕುಂತ ಎಲಿನೇ ತೊಟ್ಟುಸಮೇತ ಕತ್ತರಿಸಿ ಪತ್ರಿ ಟೊಂಗಿಗಿ ದಾರದಿಂದ ಕಟ್ರಿ. ನಿಂಬಿ ಎಲಿ ಬಾಡಿದ ಮ್ಯಾಲ ತಾನೇ ದಾಟ್ತದ. ಮುಂಜಾನೆ ತಂಪಿದ್ದಾಗ ಕಟ್ರಿ. ಬಿಸಲಾಗ ಕಟ್ಟಿ ಹುಳ ಕೆಳಗ ಬಿದ್ರ, ಶಹಾಬಾದ್ ಫರಸಿ ಕಾದಿರ್ತದ, ಅಲ್ಲೇ ಸಾಯ್ತದ. ದೊಡ್ಡ ಹಸರು ಹುಳ ಕೆಲವು ಊಟ ಬದಲಿಸಲಿಕ್ಕ ಒಲ್ಲೆ ಅಂತಾವ. ಅವನ್ನ ನಿಂಬಿ ಮ್ಯಾಲೇ ಬಿಡ್ರಿ, ಕೋಶ ಕಟ್ಟಲಿಕ್ಕ ಭಾಳ ದಿನ ಉಳದಿರೋದಿಲ್ಲ. ಗುಡಿ ಅಂಗಳದ ಪತ್ರಿ ಗಿಡಕ್ಕ ಕಟ್ಟಬ್ಯಾಡ್ರಿ, ಪೂಜಾಕ್ಕ ಹರಿಯೋರು ಎಲಿ ಜೋಡಿ ಹುಳಾನೂ ಒಯ್ತಾರ.

ಕೋಶ ನಡುವಿಗೊಂದು ರೇಷ್ಮಿ ಎಳಿ ಕಟ್ಕೊಂಡು ಟೊಂಗಿಗಿ ಒರಗಿರ್ತದ. ಹಸರು ಎಲಿ ನಡುವ ಹಸರು, ಒಣ ಕಟ್ಟಿಗಿ ಮ್ಯಾಲ ಕಂದು, ಹುಡಕಲಿಕ್ಕ ತಾಳ್ಮಿ ಬೇಕು. ನಾ ದಿನಾ ಮುಂಜಾನೆ ಬರೀಲಿಕ್ಕ ಕೂಡೋದೇ ಪತ್ರಿ ಗಿಡದ ಬಾಜೂಕ. ಕಾದಂಬರಿ ಮುಂದ ಸಾಗದಿದ್ದಾಗ ಪೆನ್ನು ಇಟ್ಟು ಕೋಶ ನೋಡ್ತೀನಿ. ಹೊರಗ ಬಂದ ಚಿಟ್ಟಿ ಹಸಿ ರೆಕ್ಕಿ ಬಿಡಿಸಿ ಒಣಗಿಸ್ಕೊಳ್ಳೋದನ್ನ ನೋಡೋದರಾಗ ಅರ್ಧ ಮುಂಜಾನಿ ಹೋಗ್ತದ, ಹೋಗಲಿ. ಅರವತ್ತು ದಾಟಿದ ಮ್ಯಾಲ ಬರವಣಿಗಿ ಬಿಟ್ರ ನನಗ ಇಷ್ಟು ಖುಷಿ ಕೊಟ್ಟಿದ್ದು ಇದೊಂದೇ. ಮಕ್ಕಳಿಗೆ ತೋರಸ್ರಿ, ಆದ್ರ ಆಗ ಮುಟ್ಟಲಿಕ್ಕ ಬಿಡಬ್ಯಾಡ್ರಿ, ರೆಕ್ಕಿ ಸೊಟ್ಟಾಗ್ತಾವ.

ಇನ್ನ ಹಕ್ಕಿ. ಬುಲ್‌ಬುಲ್ ಹಣ್ಣು ತಿನ್ನೋದು ಖರೇ, ಮರಿಗೆ ಮಾತ್ರ ಹುಳ ಬೇಕು. ನೀವು ಹುಳಕ್ಕ ವಿಷ ಹಾಕಿದ್ರ ಅದು ಮರಿ ಬಾಯಿಗೇ ಹೋಗ್ತದ. ನಮ್ಮ ಜಿಲ್ಲಾದ ರೈತರು ಕಾಯಿಕೊರಕ ಹುಳಕ್ಕ ತೊಗರಿ ಗಿಡ ಜಾಡಿಸಿ ಹುಳ ಉದುರಿಸಿ ಆರಿಸಿದವರು, ಹಕ್ಕಿ ಕೂಡಲಿಕ್ಕಂತ ಹೊಲದಾಗ ಗೂಟ ಹುಗದವರು. ಎಕರೆಗಟ್ಟಲೆ ತೊಗರಿಗಿ ಕೈಯಿಂದ ಆದದ್ದು ಎರಡು ನಿಂಬಿ ಗಿಡಕ್ಕ ಆಗಂಗಿಲ್ಲೇನ್ರಿ?

ಮತ್ತ ನಿಮ್ಮ ಕರಿಬೇವು ನಿಂಬಿ ಮಗ್ಗಲಕ್ಕೇ ಅದ. ಆ ಔಷಧ ಅದರ ಮ್ಯಾಲೂ ಬಿದ್ದಿರ್ತದ. ಈಗಿನ ಎಲಿ ಒಗ್ಗರಣಿಗಿ ಬ್ಯಾಡೇ ಬ್ಯಾಡ, ಪೂರಾ ಸವರಿ ಹೊಸ ಚಿಗುರು ಬರಲಿಕ್ಕ ಬಿಡ್ರಿ.

ಬ್ಯಾರೆ ಹುಳಕ್ಕ ಏನಾರ ಹೊಡೀಲೇಬೇಕಂದ್ರ ಬೇವಿನ ಬೀಜದ ಕಷಾಯ: 50 ಗ್ರಾಂ ಬೀಜದ ಪುಡಿ ರಾತ್ರಿ 1 ಲೀಟರ್ ನೀರಾಗ ನೆನೆಸಿ, ಅರಿವಿಯೊಳಗ ಸೋಸಿ, ಚೂರು ಮೈ ಸಾಬಾನು ಕದಡಿ ಸಂಜಿಕ ಹೊಡೀರಿ. ಡಿಟರ್ಜಂಟ್ ಪುಡಿ ಬ್ಯಾಡ, ಎಲಿ ಸುಡ್ತದ. ಚಿಟ್ಟಿ ಮರಿ ಇರೋ ಟೊಂಗಿ ಬಿಟ್ಟು ಹೊಡೀರಿ, ಬೇವು ಅವನ್ನೂ ಬಿಡೋದಿಲ್ಲ. ಅಂಗಡಿ ಬೇವಿನೆಣ್ಣಿ ತರೋದಾದ್ರ ಕಂಪನಿ ಹೆಸರು ನೋಡಬ್ಯಾಡ್ರಿ, ಅಜಾಡಿರಾಕ್ಟಿನ್ (ಬೇವಿನಾಗ ಹುಳ ತಡಿಯೋ ಅಂಶ) ಎಷ್ಟು ಪಿಪಿಎಂ, ಅಂದ್ರ ಹತ್ತು ಲಕ್ಷದಾಗ ಎಷ್ಟು ಪಾಲು, ಅಂತ ನೋಡ್ರಿ. ‘ಆರ್ಗ್ಯಾನಿಕ್’ ಅಂತ ದೊಡ್ಡದಾಗಿ ಬರದು ಪಿಪಿಎಂ ಬರೀದ ಬಾಟ್ಲಿ ನಾ ಮನಿಯೊಳಗ ತರೋದಿಲ್ಲ. ಜೂನ್‌ನಾಗ ಬೇವಿನ ಹಣ್ಣು ಉದುರ್ತಾವ, ಆರಿಸಿ ನೆರಳಾಗ ಒಣಗಿಸಿ ಇಟ್ಕೊಂಡ್ರ ಖರ್ಚೇ ಇಲ್ಲ.

ಹಕ್ಕಿಗಿ ಸ್ಟೀಲ್ ಬೋಗೋಣಿಯೊಳಗ ಮಾಳಿಗಿ ಮ್ಯಾಲ ನೀರಿಟ್ಟೀರಿ, ಅದೂ ತಪ್ಪು. ಮೇ ತಿಂಗಳ 42 ಡಿಗ್ರಿಯೊಳಗ ಆ ನೀರು ಮುಟ್ಟಲಿಕ್ಕ ಆಗೋದಿಲ್ಲ. ಅಗಲ ಬಾಯಿ ಮಣ್ಣಿನ ತಾಟು, ನೆರಳು, ಕೂಡಲಿಕ್ಕ ನಡುವ ಒಂದು ಕಲ್ಲು, ನೀರು ಎರಡು ಬೆರಳಿನಷ್ಟೇ ಆಳ. ದಿನಾ ತಿಕ್ಕಿ ಬದಲಿಸ್ರಿ, ಇಲ್ಲಾಂದ್ರ ಸೊಳ್ಳಿ ಆಗ್ತಾವ. ಬೆಕ್ಕು ಅಡಗೋವಂಥ ಪೊದಿ ಹತ್ರ ಇಡಬ್ಯಾಡ್ರಿ.

ಎರಡನೇ ಫೋಟೋದಾಗ ಎಲಿ ಮ್ಯಾಲ ಬೆಳ್ಳಿ ಗೆರಿ ಹಂಗ ಏನೋ ಅದ. ಅದು ಚಿಟ್ಟಿ ಮರಿ ಕೆಲಸಲ್ಲ, ಎಲಿಯೊಳಗ ಸುರಂಗ ಕೊರಿಯೋ ಹುಳ ಇರಬೇಕು. ಆ ಗಾಯದಿಂದ ನಿಂಬಿ ಗಿಡಕ್ಕ ಬರೋ ಕಜ್ಜಿ ರೋಗ (ಕ್ಯಾಂಕರ್) ಒಳಗ ಹೋಗ್ತದ. ಎಲಿ ಹಿಂಬದಿ ಫೋಟೋ ಹತ್ರದಿಂದ ತೆಗದು ಕಳಸ್ರಿ, ನೋಡಿ ಹೇಳ್ತೀನಿ.