ಮಾತ್ರೆಗೆ ಮಣಿಯದ ಮೂರ್ಛೆರೋಗ

ಪ್ರಶ್ನೆ: ನನ್ನ 19 ವರ್ಷದ ಮಗ ಎರಡು ಬಗೆಯ ಮಾತ್ರೆಗಳನ್ನು ತಪ್ಪದೆ ಸೇವಿಸುತ್ತಿದ್ದರೂ ತಿಂಗಳಿಗೆ ಮೂರು ನಾಲ್ಕು ಬಾರಿ ಮೂರ್ಛೆ ಬರುತ್ತದೆ. ಮೂರನೆಯ ಮಾತ್ರೆ ಸೇರಿಸಿದರೆ ನಿಲ್ಲುವುದೇ?

ಉತ್ತರ: ಸರಿಯಾಗಿ ಆಯ್ದ ಎರಡು ಔಷಧಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಮೂರ್ಛೆ ನಿಲ್ಲದಿದ್ದರೆ, ಮೂರನೆಯದರಿಂದ ಪೂರ್ಣ ಹತೋಟಿ ಸಿಗುವ ಸಾಧ್ಯತೆ ಕಡಿಮೆ. ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗದವರ ಸ್ಥಿತಿ ಹೀಗೆಯೇ ಇರುವುದರಿಂದ ದಯವಿಟ್ಟು ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ವರ್ಷಗಟ್ಟಲೆ ಕಾಯದೆ, ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕೇಂದ್ರದಲ್ಲಿ ವಿಡಿಯೊ ಇಇಜಿ (ವಿಡಿಯೊ ಚಿತ್ರೀಕರಣದೊಂದಿಗೆ ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಮತ್ತು ಎಂಆರ್‌ಐ ಪರೀಕ್ಷೆ ಮಾಡಿಸಿ, ಇದು ನಿಜವಾಗಿಯೂ ಮೂರ್ಛೆರೋಗವೇ, ಹೌದಾದರೆ ಮಿದುಳಿನ ಯಾವ ಭಾಗದಿಂದ ಹೊರಡುತ್ತಿದೆ ಎಂಬುದನ್ನು ತಿಳಿದುಕೊಳ್ಳಿ. ಮೂಲ ಮಿದುಳಿನ ಒಂದೇ ಬದಿಯ ಟೆಂಪೊರಲ್ ಭಾಗದಲ್ಲಿದ್ದರೆ (ಕಿವಿಯ ಬಳಿಯ ಭಾಗ) ಶಸ್ತ್ರಚಿಕಿತ್ಸೆಯಿಂದ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂರ್ಛೆ ನಿಲ್ಲುತ್ತದೆ. ಅದು ಸಾಧ್ಯವಾಗದವರಿಗೆ ಕೀಟೋಜೆನಿಕ್ ಆಹಾರ (ಕೊಬ್ಬು ಹೆಚ್ಚು, ಪಿಷ್ಟ ಮತ್ತು ಸಕ್ಕರೆ ಬಹಳ ಕಡಿಮೆ ಇರುವ ಪಥ್ಯ) ಅಥವಾ ವೇಗಸ್ ನರದ ಉತ್ತೇಜನ (ಕುತ್ತಿಗೆಯ ಒಂದು ನರಕ್ಕೆ ಸಾಧನದಿಂದ ಸಣ್ಣ ವಿದ್ಯುತ್ ಸ್ಪಂದನ ಕೊಡುವುದು) ಇದೆ. ಈಗಿನ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ; ಮೂರ್ಛೆ 5 ನಿಮಿಷ ಮೀರಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.