ಗೋಡೆಗೂ ಕಾಲು ಬರುತ್ತದೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು: ಮ್ಯಾಜಿಕ್ ದ ಗ್ಯಾದರಿಂಗ್ (ಕಾರ್ಡು ಕೊಂಡು, ನಮ್ಮದೇ ಡೆಕ್, ಅಂದರೆ ಕಾರ್ಡಿನ ಕಟ್ಟು, ಮಾಡಿಕೊಂಡು ಆಡುವ ಆಟ) ಆಡುವ ಆಸೆ ಇದೆ, ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ. ಹಾಗಾಗಿ ಮೊದಲ ಪ್ರಶ್ನೆಗೇ ಅರ್ಧ ಪುಟ ಕೊಟ್ಟುಬಿಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮ್ಮದು ಐದು ಜನರ ಗುಂಪು. ಉಳಿದ ಎಲ್ಲರ ಡೆಕ್ಕೂ ದುಬಾರಿ, ನನ್ನದೊಂದು ಮಾತ್ರ ಅಗ್ಗದ್ದು. ಟೂರ್ನಮೆಂಟಿನಲ್ಲಿ ಗೆದ್ದ ಒಂದು ಡೆಕ್ ನೋಡಿ, ಅದರಲ್ಲಿದ್ದ ದುಬಾರಿ ಕಾರ್ಡುಗಳ ಜಾಗಕ್ಕೆ ಅಗ್ಗದ ಕಾರ್ಡು ಹಾಕಿ ಕಟ್ಟಿದೆ. ಒಂದಾಟವೂ ಗೆದ್ದಿಲ್ಲ. ನನ್ನ ಡಬ್ಬದಲ್ಲಿ ಯಾರಿಗೂ ಬೇಡದ ಗೋಡೆ ಕಾರ್ಡುಗಳು ರಾಶಿ ಬಿದ್ದಿವೆ. ಅವುಗಳಿಂದ ಏನಾದರೂ ಆಗುತ್ತಾ?

ಉತ್ತರ: ಆಗುತ್ತದೆ, ಮತ್ತು ನೀವು ಕಟ್ಟಿದ ನಕಲು ಡೆಕ್ಕಿಗಿಂತ ಚೆನ್ನಾಗೇ ಆಗುತ್ತದೆ. ದುಬಾರಿ ಡೆಕ್ಕಿನಲ್ಲಿ ಆ ದುಬಾರಿ ಕಾರ್ಡುಗಳೇ ಎಂಜಿನ್. ಅವನ್ನು ತೆಗೆದಮೇಲೆ ಉಳಿಯುವುದು ಚಕ್ರ, ಸೀಟು, ಹಾರ್ನು. ಅದನ್ನು ತಳ್ಳಿಕೊಂಡು ಹೋಗಬೇಕು ಅಷ್ಟೇ. ಕಾರ್ಡು ಅಗ್ಗ ಆಗುವುದು ಎರಡು ಕಾರಣಕ್ಕೆ. ಒಂದು, ಅದು ನಿಜಕ್ಕೂ ದಂಡ. ಇನ್ನೊಂದು, ಅದು ಬೇರೆ ಯಾರ ಡೆಕ್ಕಿಗೂ ಹೊಂದುವುದಿಲ್ಲ. ಈ ಎರಡನೇ ಜಾತಿಯನ್ನೇ ಹುಡುಕಬೇಕು. ಗೋಡೆಗಳು ಆ ಜಾತಿಯವು.

ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ಕ್ರೀಚರ್ (ನಿಮ್ಮ ಪರ ಕಾದಾಡುವ ಜೀವಿ) ಕಾರ್ಡಿನ ಮೂಲೆಯಲ್ಲಿ ಎರಡು ಅಂಕಿ ಇರುತ್ತವೆ, ಮೊದಲನೆಯದು ಪವರ್, ಅಂದರೆ ಎಷ್ಟು ಹೊಡೆಯುತ್ತದೆ, ಎರಡನೆಯದು ಟಫ್‌ನೆಸ್, ಅಂದರೆ ಎಷ್ಟು ಏಟು ತಡೆಯುತ್ತದೆ. ಗೋಡೆಗಳೂ ಕ್ರೀಚರ್ ಕಾರ್ಡುಗಳೇ, ಆದರೆ ಸಾಮಾನ್ಯವಾಗಿ ಅವುಗಳ ಮೊದಲ ಅಂಕಿ ಸೊನ್ನೆ. ಮೇಲಿಂದ ಡಿಫೆಂಡರ್ ಅನ್ನುವ ಪದ ಬೇರೆ, ದಾಳಿಗೇ ಹೋಗುವಂತಿಲ್ಲ. (ಈ ಪದ ಬಂದದ್ದು 2004ರ ಚಾಂಪಿಯನ್ಸ್ ಆಫ್ ಕಾಮಿಗಾವಾ ಸೆಟ್ಟಿನಲ್ಲಿ, ಸೆಟ್ ಅಂದರೆ ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಗುಂಪು. ಅದಕ್ಕೂ ಮುಂಚೆ 'ವಾಲ್' ಅಂತ ಬರೆದಿದ್ದರೆ ಸಾಕು, ದಾಳಿ ಮಾಡುವಂತಿಲ್ಲ ಎಂದೇ ಲೆಕ್ಕ.) ಹೊಡೆಯುವ ಶಕ್ತಿ ಇಲ್ಲದ್ದಕ್ಕೆ ಬದಲಾಗಿ ಟಫ್‌ನೆಸ್ ಧಾರಾಳ. ಎರಡು ಮಾನಾ (ಕಾರ್ಡು ಆಡಲು ತೆರುವ ಬಣ್ಣ ಬಣ್ಣದ ಶಕ್ತಿ, ಮುಖ್ಯವಾಗಿ ಲ್ಯಾಂಡ್ ಅನ್ನುವ ಕಾರ್ಡುಗಳಿಂದ ಬರುತ್ತದೆ) ಕೊಟ್ಟರೆ ಸಾದಾ ಕ್ರೀಚರ್ 2/2 ಸಿಗುತ್ತದೆ. ಅದೇ ಎರಡು ಮಾನಾಗೆ ವಾಲ್ ಆಫ್ ಓಮೆನ್ಸ್ 0/4, ಜತೆಗೆ ಅದು ಬಂದ ತಕ್ಷಣ ನಿಮಗೊಂದು ಕಾರ್ಡು.

ಈಗ 2015ರ ಡ್ರ್ಯಾಗನ್ಸ್ ಆಫ್ ಟಾರ್ಕಿರ್ ಸೆಟ್ಟಿನ ಅಸಾಲ್ಟ್ ಫಾರ್ಮೇಶನ್ ಓದಿ. ಎರಡು ಮಾನಾದ ಎನ್‌ಚಾಂಟ್‌ಮೆಂಟ್. ಅಂದರೆ ಆಡಿದ ಮೇಲೆ ಮೇಜಿನ ಮೇಲೇ ಉಳಿಯುವ ಮಂತ್ರ. ಅದು ಅಲ್ಲಿದ್ದರೆ ನಿಮ್ಮ ಕ್ರೀಚರ್‌ಗಳು ಪವರ್ ಬದಲು ಟಫ್‌ನೆಸ್ ಎಷ್ಟಿದೆಯೋ ಅಷ್ಟು ಹೊಡೆಯುತ್ತವೆ. ಒಂದು ಹಸಿರು ಮಾನಾ ಕೊಟ್ಟರೆ ಒಂದು ಡಿಫೆಂಡರ್ ಆ ಸರದಿಗೆ ದಾಳಿಗೆ ಹೋಗಬಹುದು. ಗೋಡೆಗೂ ಕಿವಿ ಇರುತ್ತದೆ ಅಂತಾರೆ, ಇಲ್ಲಿ ಕಾಲೂ ಬಂತು! ಎರಡು ಮಾನಾದ ನಿಮ್ಮ ಗೋಡೆ ಈಗ ನಾಲ್ಕು ಹೊಡೆಯುತ್ತದೆ. ಎದುರಿನವರ ದುಬಾರಿ ಡೆಕ್ಕಿನಲ್ಲೂ ಆ ಬೆಲೆಗೆ ಅಂಥ ಏಟು ಸುಲಭಕ್ಕೆ ಸಿಗಲ್ಲ.

ಆದರೆ ಇದೊಂದೇ ಕಾರ್ಡು ನಂಬಿಕೊಂಡರೆ ಕೆಟ್ಟಿರಿ. 60 ಕಾರ್ಡಿನ ಡೆಕ್ಕಿನಲ್ಲಿ ಸಾಮಾನ್ಯವಾಗಿ ಒಂದೇ ಕಾರ್ಡಿನ ನಾಲ್ಕು ಪ್ರತಿ ಮಾತ್ರ ಹಾಕಬಹುದು, ಮೊದಲ ಏಳು ಕಾರ್ಡಿನಲ್ಲಿ ಅದು ಒಂದಾದರೂ ಬರುವುದು ನೂರಕ್ಕೆ 40 ಸಲ. ಉಳಿದ 60 ಸಲ ಸುಮ್ನೆ ಗೋಡೆ ಕಟ್ಟಿಕೊಂಡು ಕೂರುತ್ತೀರಿ. ಅದಕ್ಕೇ ಅದೇ ಕೆಲಸ ಮಾಡುವ ಎರಡನೇ ಕಾರ್ಡು ಬೇಕು. ಇದೆ: 2019ರ ರಾವ್ನಿಕಾ ಅಲೀಜನ್ಸ್ ಸೆಟ್ಟಿನ ಹೈ ಅಲರ್ಟ್. ಮೂರು ಮಾನಾ, ಅದರಲ್ಲಿ ಒಂದು ಬಿಳಿ, ಒಂದು ನೀಲಿ. ಟಫ್‌ನೆಸ್ ಲೆಕ್ಕದ ಏಟು ಇಲ್ಲೂ ಇದೆ, ಜತೆಗೆ ಎಲ್ಲ ಡಿಫೆಂಡರ್‌ಗಳೂ ಹೆಚ್ಚಿಗೆ ಮಾನಾ ಕೇಳದೆ ದಾಳಿಗೆ ಹೋಗುತ್ತವೆ. ಎರಡೂ ಸೇರಿ ಎಂಟು ಪ್ರತಿ ಆದಾಗ ಆ 40 ಹೋಗಿ 65 ಆಗುತ್ತದೆ. ಹತ್ತು ಕಾರ್ಡು ನೋಡುವ ಹೊತ್ತಿಗೆ 79. ಅಗ್ಗದ ಡೆಕ್ಕಿಗೆ ಇದಕ್ಕಿಂತ ದೊಡ್ಡ ರಿಪೇರಿ ನನಗೆ ಗೊತ್ತಿಲ್ಲ. ಒಂದು ಕಾರ್ಡಿನ ಮೇಲೆ ನಿಂತಿರುವ ಐಡಿಯಾ ಬರೀ ತಮಾಷೆ, ಎಂಟರ ಮೇಲೆ ನಿಂತದ್ದು ಡೆಕ್.

ಪಟ್ಟಿ ಬೇಕು ಅಂತೀರಿ, ಗೊತ್ತು. ಅಸಾಲ್ಟ್ ಫಾರ್ಮೇಶನ್, ಹೈ ಅಲರ್ಟ್ ನಾಲ್ಕು ನಾಲ್ಕು. ಮಾನಾ ಕೊಡುವ ಡಿಫೆಂಡರ್‌ಗಳು ಓವರ್‌ಗ್ರೋನ್ ಬ್ಯಾಟಲ್‌ಮೆಂಟ್, ಆಕ್ಸ್‌ಬೇನ್ ಗಾರ್ಡಿಯನ್, ಸರೂಲಿ ಕೇರ್‌ಟೇಕರ್, ಇವೂ ನಾಲ್ಕು ನಾಲ್ಕು, ಮೂರೂ ಕಾಮನ್, ಅಂದರೆ ಹೇರಳವಾಗಿ ಸಿಗುವ ದರ್ಜೆಯವು. ಕಾರ್ಡು ಕೊಡುವ ವಾಲ್ ಆಫ್ ಓಮೆನ್ಸ್, ವಾಲ್ ಆಫ್ ಬ್ಲಾಸಮ್ಸ್ ನಾಲ್ಕು ನಾಲ್ಕು. ಆಮೇಲೆ ನನ್ನ ಮೆಚ್ಚಿನ ವಾಲ್ ಆಫ್ ಡಿನೈಯಲ್ ನಾಲ್ಕು: ಮೂರು ಮಾನಾಗೆ 0/8, ಹಾರುತ್ತದೆ, ಅದನ್ನು ಗುರಿ ಮಾಡಿ ಯಾರೂ ಮಂತ್ರ ಹಾಕುವಂತಿಲ್ಲ. ಕಾಲು ಬಂದ ಮೇಲೆ ಇದು ಆಕಾಶದಿಂದ ಎಂಟು ಹೊಡೆಯುತ್ತದೆ, 20 ಲೈಫಿನ ಎದುರಾಳಿಗೆ ಮೂರೇ ಏಟು. ತೊಂದರೆ ಕೊಡುವ ಕಾರ್ಡುಗಳನ್ನು ಆಚೆ ಕಳಿಸಲು ಒಬ್ಲಿವಿಯನ್ ರಿಂಗ್ ನಾಲ್ಕು. ಟ್ರೀ ಆಫ್ ರಿಡೆಂಪ್ಶನ್ ಎರಡು, 0/13ರ ಮರ ಅದು, ನಿಮ್ಮ ಲೈಫ್ ಮೂರಕ್ಕೆ ಇಳಿದಾಗ ಅದನ್ನು ಟ್ಯಾಪ್ ಮಾಡಿದರೆ (ಬಳಸಿಯಾಯಿತು ಅಂತ ಕಾರ್ಡನ್ನು ಅಡ್ಡ ತಿರುಗಿಸಿದರೆ) ಅದರ 13 ನಿಮಗೆ, ನಿಮ್ಮ ಮೂರು ಅದಕ್ಕೆ. ಉಳಿದ 22 ಲ್ಯಾಂಡ್. ಒಟ್ಟು 60.

ಇದರಲ್ಲಿ ಒಂದು ಕಳ್ಳ ದಾರಿಯೂ ಇದೆ. ಹೈ ಅಲರ್ಟಿನ ಕೊನೇ ಸಾಲು ಓದಿ: ನಾಲ್ಕು ಮಾನಾ ಕೊಟ್ಟರೆ ಟ್ಯಾಪ್ ಆದ ಒಂದು ಕ್ರೀಚರನ್ನು ಮತ್ತೆ ನೇರ ತಿರುಗಿಸಿ ಅನ್‌ಟ್ಯಾಪ್ ಮಾಡಬಹುದು. ಆಕ್ಸ್‌ಬೇನ್ ಗಾರ್ಡಿಯನ್ ಟ್ಯಾಪ್ ಮಾಡಿದರೆ ನಿಮ್ಮಲ್ಲಿ ಎಷ್ಟು ಡಿಫೆಂಡರ್ ಇವೆಯೋ ಅಷ್ಟು ಮಾನಾ, ಯಾವ ಬಣ್ಣ ಬೇಕಾದರೂ. ಗಾರ್ಡಿಯನ್ನನ್ನೂ ಸೇರಿಸಿ ಐದು ಡಿಫೆಂಡರ್ ಇದ್ದರೆ ಐದು ಬರುತ್ತದೆ, ನಾಲ್ಕು ಕೊಟ್ಟು ಅದನ್ನೇ ಮತ್ತೆ ಎಬ್ಬಿಸಿ, ಒಂದು ಉಳಿಯಿತು. ಮತ್ತೆ ಐದು, ಮತ್ತೆ ಎಬ್ಬಿಸಿ. ಕೊನೆಯೇ ಇಲ್ಲ. ಆ ಮಾನಾವನ್ನೆಲ್ಲ ಅಸಾಲ್ಟ್ ಫಾರ್ಮೇಶನ್ನಿಗೆ ಸುರಿಯಿರಿ, ಪ್ರತಿ ಮೂರು ಮಾನಾಗೆ ನಿಮ್ಮ ಎಲ್ಲ ಕ್ರೀಚರ್‌ಗಳಿಗೂ +0/+1. ದಾಳಿಗೆ ಹೋಗುವ ಮುಂಚೆಯೇ ಇದೆಲ್ಲ ಮುಗಿಸಬೇಕು, ಹಂತ ದಾಟಿದರೆ ಉಳಿದ ಮಾನಾ ಆವಿ. ಗಾರ್ಡಿಯನ್ ಅದೇ ಸರದಿಯಲ್ಲಿ ಬಂದದ್ದಾಗಿರಬಾರದು, ಇದನ್ನು ಮರೆತು ನಾನು ಒಂದು ಸಲ ಇಡೀ ಲೆಕ್ಕವನ್ನು ಜೋರಾಗಿ ಹೇಳಿ, ಎದ್ದು ನಿಂತು ಕೈ ಕುಲುಕಲು ಹೋಗಿ, ವಾಪಸ್ ಕೂತಿದ್ದೇನೆ.

ಪ್ರಶ್ನೆ: 60 ಕಾರ್ಡಿಗೆ 24 ಲ್ಯಾಂಡ್ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ. ಮೂರು ಬಣ್ಣದ ಡೆಕ್ಕಿಗೆ ಒಳ್ಳೆಯ ಲ್ಯಾಂಡ್ ಕೊಳ್ಳೋಕೇ ಆಗದಷ್ಟು ಬೆಲೆ. ಅಗ್ಗದ ಡೆಕ್ ಅಂದರೆ ಒಂದೇ ಬಣ್ಣ ಅಂತ ಅರ್ಥವೇ?

ಉತ್ತರ: ಹಾಗೇನಿಲ್ಲ, ಆದರೆ ಒಂದೇ ಬಣ್ಣ ಅಂದರೆ ತಲೆನೋವು ಅರ್ಧ ಕಡಿಮೆ. 24 ಅನ್ನುವುದು ಒಳ್ಳೆಯ ಅಂದಾಜು, ಮೊದಲ ಏಳರಲ್ಲಿ ಸರಾಸರಿ 2.8 ಲ್ಯಾಂಡ್ ಬರುತ್ತದೆ. ಮಾನಾ ಕೊಡುವ ಕ್ರೀಚರ್‌ಗಳಿದ್ದರೆ ಒಂದೆರಡು ಇಳಿಸಬಹುದು, ಮೇಲಿನ ಗೋಡೆ ಡೆಕ್ಕಿನಲ್ಲಿ ಅಂಥವು 12 ಇವೆ, ಅದಕ್ಕೇ 22 ಹಾಕಿದ್ದು.

ಬೆಲೆಯ ಮಾತು. ಎಷ್ಟೋ ದುಬಾರಿ ಡೆಕ್ಕುಗಳಲ್ಲಿ ದುಡ್ಡು ಹೋಗುವುದು ಮಂತ್ರಗಳಿಗಿಂತ ಲ್ಯಾಂಡುಗಳಿಗೇ. 1993ರ ಮೊದಲ ಸೆಟ್ಟಿನ ಎರಡು ಬಣ್ಣದ ಲ್ಯಾಂಡುಗಳನ್ನು ಇನ್ನು ಮುದ್ರಿಸುವುದಿಲ್ಲ ಅಂತ ಕಂಪನಿಯೇ ಮಾತು ಕೊಟ್ಟಿದೆ, ಅವುಗಳ ಬೆಲೆ ಇಳಿಯುವುದನ್ನು ಕಾಯಬೇಡಿ. ಅಗ್ಗದ ಲ್ಯಾಂಡುಗಳ ತೊಂದರೆ ಒಂದೇ, ಅವು ಟ್ಯಾಪ್ ಆಗಿ ಬರುತ್ತವೆ, ಒಂದು ಸರದಿ ತಡ. ವೇಗದ ಡೆಕ್ಕಿಗೆ ಆ ಒಂದು ಸರದಿ ಪ್ರಾಣ. ನಿಧಾನದ ಡೆಕ್ಕಿಗೆ ಏನೂ ಅಲ್ಲ, ಗೋಡೆ ಹಿಂದೆ ಕೂತವರಿಗೆ ಯಾವ ಅವಸರ? ಹಾಗಾಗಿ ಐಡಿಯಾ ಆರಿಸುವಾಗಲೇ ಯೋಚಿಸಿ, ತಡವನ್ನು ತಡೆದುಕೊಳ್ಳುವ ಐಡಿಯಾ ಆದರೆ ಲ್ಯಾಂಡಿನ ಖರ್ಚು ತಾನಾಗೇ ಇಳಿಯುತ್ತದೆ. ಗೋಡೆ ಡೆಕ್ಕಿಗೆ ಅರ್ಧಕ್ಕೆ ಹತ್ತಿರ ಕಾಡು (ಹಸಿರು ಮಾನಾ ಕೊಡುವ ಬೇಸಿಕ್ ಲ್ಯಾಂಡ್), ಸ್ವಲ್ಪ ಬಯಲು (ಬಿಳಿ), ಸ್ವಲ್ಪ ದ್ವೀಪ (ನೀಲಿ), ನಾಲ್ಕು ಎವಾಲ್ವಿಂಗ್ ವೈಲ್ಡ್ಸ್ (ಬೇಕಾದ ಬೇಸಿಕ್ ಲ್ಯಾಂಡ್ ಹುಡುಕಿ ತರುತ್ತದೆ), ಇಷ್ಟರಲ್ಲೇ ನಡೆಯುತ್ತದೆ.

ಪ್ರಶ್ನೆ: ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡಿದೆ ಅಂತ ಗೊತ್ತಿಲ್ಲದ ಪೊಟ್ಟಣ) ಒಡೆದು ಡೆಕ್ ಕಟ್ಟುವುದು ಅಗ್ಗವೇ, ಬಿಡಿ ಕಾರ್ಡು ಕೊಳ್ಳುವುದು ಅಗ್ಗವೇ?

ಉತ್ತರ: ಬಿಡಿ ಕಾರ್ಡು. ಪ್ಯಾಕ್ ಒಡೆಯುವುದು ಖುಷಿಗೆ, ಡೆಕ್ ಕಟ್ಟುವುದಕ್ಕಲ್ಲ. ಒಂದೇ ಕಾರ್ಡಿನ ನಾಲ್ಕು ಪ್ರತಿ ಪ್ಯಾಕಿನಿಂದ ಬರಲಿ ಅಂತ ಕಾದರೆ ಸೆಟ್ಟೇ ಹಳೆಯದಾಗುತ್ತದೆ.

ಪ್ರಶ್ನೆ: ನಾನು ಏಳನೇ ಕ್ಲಾಸು. ನನ್ನ ಫ್ರೆಂಡ್ ಒಂದೇ ಇಲಿ ಕಾರ್ಡನ್ನು 20 ಹಾಕಿದ್ದಾನೆ. ನಾಲ್ಕಕ್ಕಿಂತ ಜಾಸ್ತಿ ಹಾಕಿದರೆ ಮೋಸ ಅಲ್ವಾ ಅಂಕಲ್?

ಉತ್ತರ: ಮೋಸ ಅಲ್ಲ ಪುಟ್ಟಾ, ಕಾರ್ಡಿನ ಮೇಲೆ ಏನು ಬರೆದಿದೆ ಓದು. ರಿಲೆಂಟ್‌ಲೆಸ್ ರ‍್ಯಾಟ್ಸ್, ರ‍್ಯಾಟ್ ಕಾಲನಿ, ಪರ್ಸಿಸ್ಟೆಂಟ್ ಪೆಟಿಷನರ್ಸ್, ಇವುಗಳ ಮೇಲೆ 'ಎಷ್ಟು ಬೇಕಾದರೂ ಹಾಕಿ' ಅಂತಲೇ ಇರುತ್ತದೆ. ಸೆವೆನ್ ಡ್ವಾರ್ವ್ಸ್ ಅಂತ ಇನ್ನೊಂದು, ಅದನ್ನು ಏಳರವರೆಗೆ ಹಾಕಬಹುದು, ಹೆಸರೇ ಹಾಗಿದೆಯಲ್ಲ. ರ‍್ಯಾಟ್ ಕಾಲನಿ ಒಂದೇ ಇದ್ದರೆ 2/1. ಐದು ಸೇರಿದರೆ ಒಂದೊಂದೂ 6/1. ಹೆದರಬೇಡ, ಟಫ್‌ನೆಸ್ ಇನ್ನೂ ಒಂದೇ, ಎಲ್ಲರಿಗೂ ಒಂದು ಏಟು ಕೊಡುವ ಕಾರ್ಡು ಬಂದರೆ ಇಡೀ ಕಾಲನಿ ಖಾಲಿ. ನೀನೂ ಕಟ್ಟಬೇಕು ಅಂದುಕೊಂಡರೆ ಮೊದಲು ಒಂದು ಇಲಿಯ ಬೆಲೆಯನ್ನು 25ರಿಂದ ಗುಣಿಸಿ ನೋಡು. ಬಿಡಿಯಾಗಿ ಅಗ್ಗ ಕಾಣುವುದು ಹಿಂಡಾಗಿ ಅಗ್ಗ ಇರಬೇಕೆಂದೇನಿಲ್ಲ.

ಪ್ರಶ್ನೆ: ನನ್ನ ಡೆಕ್ ಚೆನ್ನಾಗಿ ಶುರುವಾಗುತ್ತದೆ, ನಾಲ್ಕೈದು ಸರದಿಯಲ್ಲಿ ಮೇಜು ತುಂಬಾ ಕ್ರೀಚರ್. ಅಷ್ಟರಲ್ಲಿ ಎದುರಿನವರು ಎಲ್ಲವನ್ನೂ ಒಂದೇ ಸಲ ಗುಡಿಸಿಹಾಕುತ್ತಾರೆ. ಪರಿಹಾರ?

ಉತ್ತರ: ಗುಡಿಸುವ ಕಾರ್ಡು ಆಟದಷ್ಟೇ ಹಳೆಯದು. ರ‍್ಯಾತ್ ಆಫ್ ಗಾಡ್ ಮೊದಲ ಸೆಟ್ಟಿನಲ್ಲೇ ಇತ್ತು, ನಾಲ್ಕು ಮಾನಾ, ಎಲ್ಲ ಕ್ರೀಚರ್ ನಾಶ. ಪರಿಹಾರಕ್ಕೆ ಕಾರ್ಡೇನೂ ಕೊಳ್ಳಬೇಕಿಲ್ಲ. ಗೆಲ್ಲಲು ಎಷ್ಟು ಬೇಕೋ ಅಷ್ಟನ್ನೇ ಮೇಜಿಗೆ ಇಳಿಸಿ, ಎರಡನ್ನು ಕೈಯಲ್ಲೇ ಇಟ್ಟುಕೊಳ್ಳಿ. ಎದುರಿನವರು ಬಿಳಿ ಬಣ್ಣದವರು, ನಾಲ್ಕು ಲ್ಯಾಂಡ್ ಇದೆ, ಏನೂ ಮಾಡದೆ ನಗುತ್ತಾ ಕೂತಿದ್ದಾರೆ ಅಂದರೆ ಇನ್ನೇನು ಬೇಕು ಹೇಳಿ? ಬಂದಾಗಲೇ ಒಂದು ಕಾರ್ಡು ಕೊಟ್ಟು ಹೋಗುವ ಕ್ರೀಚರ್‌ಗಳು ಇಂಥ ಕಡೆ ಉಪಯೋಗ, ಸತ್ತರೂ ಅವುಗಳ ಕೂಲಿ ಆಗಲೇ ಬಂದಿರುತ್ತದೆ.

ಪ್ರಶ್ನೆ: ದುಬಾರಿ ಕಾರ್ಡುಗಳನ್ನು ಪ್ರಿಂಟ್ ತೆಗೆದು ಆಡಬಹುದೇ?

ಉತ್ತರ: ಗೆಳೆಯರು ಒಪ್ಪಿದರೆ ಆಡಿ, ಕೊಳ್ಳುವ ಮುಂಚೆ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಧಿಕೃತ ಟೂರ್ನಮೆಂಟಿಗೆ ಒಯ್ಯಬೇಡಿ. ಅಸಲಿ ಅಂತ ಹೇಳಿ ಮಾರುವ ನಕಲಿ ಕಾರ್ಡಿನ ಕಥೆಯೇ ಬೇರೆ, ಅದು ಶುದ್ಧ ವಂಚನೆ.

ಪ್ರಶ್ನೆ: ಎಲ್ಲರೂ ಅಗ್ಗದ ಡೆಕ್ಕಿನಲ್ಲೇ ಆಡುವ ಸ್ಪರ್ಧೆ ಇಲ್ಲವೇ? ಗೋಡೆಗಳು ಅಲ್ಲಿ ನಡೆಯುತ್ತವೆಯೇ?

ಉತ್ತರ: ಇದೆ, ಪಾಪರ್ ಅಂತ ಹೆಸರು. ಕಾಮನ್ ಆಗಿ ಯಾವಾಗಲಾದರೂ ಬಂದಿರುವ ಕಾರ್ಡುಗಳಿಗೆ ಮಾತ್ರ ಪ್ರವೇಶ. ಆಟಗಾರರೇ ಬೆಳೆಸಿಕೊಂಡು ಬಂದದ್ದು, 2019ರಲ್ಲಿ ಕಂಪನಿ ಆನ್‌ಲೈನ್ ಆಟಕ್ಕೂ ಕಾಗದದ ಆಟಕ್ಕೂ ಒಂದೇ ನಿಯಮ ಮಾಡಿ ಅಧಿಕೃತ ಅಂತ ಒಪ್ಪಿಕೊಂಡಿತು. ಮೇಲೆ ಹೇಳಿದ ಪಟ್ಟಿ ಹಾಗೇ ಅಲ್ಲಿಗೆ ಹೋಗುವುದಿಲ್ಲ, ಅಸಾಲ್ಟ್ ಫಾರ್ಮೇಶನ್ ರೇರ್, ಹೈ ಅಲರ್ಟ್ ಅನ್‌ಕಾಮನ್. ಆದರೆ ಗೋಡೆಗಳು ಅಲ್ಲೂ ಇವೆ! ಆಕ್ಸ್‌ಬೇನ್ ಗಾರ್ಡಿಯನ್ ಮೇಲೆ ಫ್ರೀಡ್ ಫ್ರಮ್ ದ ರಿಯಲ್ ಅನ್ನುವ ಕಾರ್ಡು ಅಂಟಿಸಿ, ಒಂದು ನೀಲಿ ಮಾನಾ ಕೊಟ್ಟರೆ ಗಾರ್ಡಿಯನ್ ಮತ್ತೆ ಎದ್ದೇಳುತ್ತದೆ. ಐದು ಡಿಫೆಂಡರ್ ಬೇಕಿಲ್ಲ, ಅದೂ ಸೇರಿ ಎರಡು ಸಾಕು. ದಾಳಿ ಮಾಡುವ ತಂಟೆಯೇ ಇಲ್ಲ, ಗೋಡೆಗಳು ನಿಂತಲ್ಲೇ ನಿಂತು ಮಾನಾ ಹುಟ್ಟಿಸುತ್ತವೆ, ಅದನ್ನು ಖರ್ಚು ಮಾಡಿ ಗೆಲ್ಲುವ ಒಂದು ಕಾರ್ಡು ನಿಮ್ಮ ಕೈಯಲ್ಲಿರಬೇಕು. ಎದುರಿನವರು ನಿಮ್ಮ ಗಾರ್ಡಿಯನ್ನನ್ನು ನೋಡಿದ ತಕ್ಷಣ ಕೊಲ್ಲುತ್ತಾರೆ, ಅದು ಗೊತ್ತಿರಲಿ. ಮೊದಲನೆಯದನ್ನು ಕೊಲ್ಲಲು ಬಿಟ್ಟು ಎರಡನೆಯದನ್ನು ಇಳಿಸಿ.